ಬೊಮ್ಮಾಯಿ ಪ್ರಕರಣ: ಬಹುಮತ ಎಣಿಸಬೇಕಾದ್ದು ಎಲ್ಲಿ?

ಕೇಂದ್ರ–ರಾಜ್ಯ ಸಂಬಂಧದ ಅಧ್ಯಾಯಕ್ಕೆ ಕೈಹಾಕಿದವರೆಲ್ಲ ಯಾವ ವಿಷಯಕ್ಕೆ ಕೇಂದ್ರ ಕಾನೂನು ಮಾಡಬೇಕು, ಯಾವುದಕ್ಕೆ ರಾಜ್ಯ, ಯಾವುದಕ್ಕೆ ಇಬ್ಬರೂ ಎಂದು ಹಂಚುವ, ಸಂವಿಧಾನದ ಏಳನೇ ಅನುಸೂಚಿಯ ಮೂರು ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಾರೆ. ಮಾಡಿ, ತಪ್ಪಿಲ್ಲ. ಆದರೆ ರಾಜ್ಯ ಸರ್ಕಾರವನ್ನೇ ಮನೆಗೆ ಕಳಿಸುವ ಅಧಿಕಾರ ದೆಹಲಿಯಲ್ಲಿದ್ದರೆ ರಾಜ್ಯಪಟ್ಟಿಗೆ ಎಷ್ಟು ಬೆಲೆ? ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಘೋಷಿಸಲು ಅವಕಾಶ ಕೊಡುವ 356ನೇ ವಿಧಿಯನ್ನು ಈ ಪ್ರಶ್ನೆ ಇಟ್ಟುಕೊಂಡೇ ಓದಿ.

ರಾಜ್ಯದಲ್ಲಿ ಸಂವಿಧಾನದಂತೆ ಆಡಳಿತ ನಡೆಸಲಾಗದ ಸ್ಥಿತಿ ಬಂದಿದೆ ಎಂದು ರಾಷ್ಟ್ರಪತಿಗೆ ಮನವರಿಕೆಯಾಗಬೇಕು. ಅದು ರಾಜ್ಯಪಾಲರ ವರದಿಯಿಂದಲೂ ಆಗಬಹುದು, ಬೇರೆ ದಾರಿಯಿಂದಲೂ ಆಗಬಹುದು. ಇಷ್ಟು ಸಡಿಲ ಮಾತುಗಳಿದ್ದರೆ ಬಳಕೆ ಹೇಗಿರುತ್ತದೆ ಹೇಳಿ? 1977ರಲ್ಲಿ ಜನತಾ ಸರ್ಕಾರ ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ಸರ್ಕಾರಗಳನ್ನು ಕಿತ್ತುಹಾಕಿತು. 1980ರಲ್ಲಿ ಇಂದಿರಾ ಗಾಂಧಿ ಬಂದವರೇ ಒಂಬತ್ತನ್ನು ಕಿತ್ತರು. ಲೆಕ್ಕ ಚುಕ್ತಾ.

ಈಗ ನಮ್ಮ ರಾಜ್ಯದ ಕಥೆ, ಸ್ವಲ್ಪ ನಿಧಾನವಾಗಿ. ಏಪ್ರಿಲ್ 1989, ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ. ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎನ್ನುವ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಸೇರಿದವು. ಅವರು ದೆಹಲಿಗೆ ವರದಿ ಕಳಿಸಿದರು. ಅಷ್ಟರಲ್ಲಿ ಏಳು ಶಾಸಕರು, ತಪ್ಪು ಹೇಳಿ ನಮ್ಮ ಸಹಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಹೈಕೋರ್ಟಿನಲ್ಲೂ ಬೊಮ್ಮಾಯಿ ಸೋತರು.

ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 11 ಮಾರ್ಚ್ 1994ರಂದು ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ರಾಷ್ಟ್ರಪತಿಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು; ಅದು ಅಸಿಂಧುವಾದರೆ ವಜಾ ಆದ ಸರ್ಕಾರವನ್ನು ಮತ್ತೆ ಕೂರಿಸಲೂಬಹುದು. ಕರ್ನಾಟಕದ ಘೋಷಣೆ ಅಸಾಂವಿಧಾನಿಕ ಎಂದಾಯಿತು. ಬೊಮ್ಮಾಯಿಯವರಿಗೆ ಕುರ್ಚಿ ಮಾತ್ರ ವಾಪಸ್ ಸಿಗಲಿಲ್ಲ: 1989ರ ಕೊನೆಗೇ ಚುನಾವಣೆ ಮುಗಿದು ಬೇರೆಯವರು ಆಳುತ್ತಿದ್ದರು.

ಈ ತೀರ್ಪು 356ನೇ ವಿಧಿಯನ್ನು ರದ್ದು ಮಾಡಿತು ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳಲ್ಲಿ ಬಾಬರಿ ಮಸೀದಿ ಧ್ವಂಸದ ನಂತರ 1992ರಲ್ಲಿ ಹೇರಿದ ರಾಷ್ಟ್ರಪತಿ ಆಳ್ವಿಕೆಯನ್ನು, ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ (ತಿದ್ದುಪಡಿಯಿಂದಲೂ ಕೆಡಿಸಲಾಗದ ತಿರುಳಿನ) ಭಾಗ ಎನ್ನುವ ನೆಲೆಯಲ್ಲಿ, ಇದೇ ಪೀಠ ಎತ್ತಿಹಿಡಿಯಿತು.

ನನ್ನ ಮಟ್ಟಿಗೆ ತೀರ್ಪಿನ ನಿಜವಾದ ಬಲ ಇನ್ನೊಂದು ಕಡೆ ಇದೆ, ಗೈಡುಗಳು ಅದನ್ನು ಒಂದೇ ಸಾಲಲ್ಲಿ ಮುಗಿಸುತ್ತವೆ. ಘೋಷಣೆಗೆ ಎರಡು ತಿಂಗಳೊಳಗೆ ಲೋಕಸಭೆ, ರಾಜ್ಯಸಭೆ ಎರಡೂ ಒಪ್ಪಿಗೆ ಕೊಡಬೇಕು ಎಂಬುದು ವಿಧಿಯಲ್ಲೇ ಇತ್ತು. ಆ ಒಪ್ಪಿಗೆ ಸಿಗುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಮಾತ್ರ ಇಡಬಹುದು ಎಂದು ಕೋರ್ಟು ಸೇರಿಸಿತು. ಫೆಬ್ರವರಿ 1999ರಲ್ಲಿ ಬಿಹಾರದ ರಾಬ್ಡಿ ದೇವಿ ಸರ್ಕಾರ ವಜಾ ಆದಾಗ ಇದರ ಬೆಲೆ ಗೊತ್ತಾಯಿತು. ಲೋಕಸಭೆ ಒಪ್ಪಿತು, ರಾಜ್ಯಸಭೆಯಲ್ಲಿ ವಾಜಪೇಯಿ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಘೋಷಣೆ ಹಿಂದಕ್ಕೆ ಹೋಯಿತು. ವಿಧಾನಸಭೆ ಇನ್ನೂ ಉಳಿದಿದ್ದರಿಂದ ಮಾರ್ಚ್‌ನಲ್ಲಿ ರಾಬ್ಡಿ ದೇವಿ ಮತ್ತೆ ಮುಖ್ಯಮಂತ್ರಿಯಾದರು.