ಆ ಬೆಳಿಗ್ಗೆ ಯುದ್ಧವಿಮಾನಗಳು ಯಾರನ್ನು ಹುಡುಕಿ ಹಾರಿದವು?

2001ರ ಸೆಪ್ಟೆಂಬರ್ 11ರ ಮಾತು ಬಂದಾಗಲೆಲ್ಲ, ವಿಮಾನ ಸಂಚಾರ ನಿಯಂತ್ರಣದಲ್ಲಿ ಕೆಲಸ ಮಾಡಿದ ನನ್ನಂಥವರಿಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: ಅಷ್ಟು ಬಲಿಷ್ಠ ವಾಯುಪಡೆಯಿದ್ದೂ ಅಪಹೃತವಾದ ನಾಲ್ಕು ವಿಮಾನಗಳಲ್ಲಿ ಒಂದನ್ನೂ ಅಮೆರಿಕದ ಸೇನೆ ತಡೆಯಲಿಲ್ಲವೇಕೆ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕುವವರು ಮೊದಲು ನೋಡಬೇಕಾದದ್ದು ದೂರವಾಣಿ ಕರೆಗಳ ವೇಳೆಯನ್ನು.

ನ್ಯೂಯಾರ್ಕ್ ರಾಜ್ಯದ ರೋಮ್ ಪಟ್ಟಣದಲ್ಲಿದ್ದ ಈಶಾನ್ಯ ವಾಯುರಕ್ಷಣಾ ವಲಯದ ಕೈಯಲ್ಲಿ ಅಂದು ಸನ್ನದ್ಧವಾಗಿದ್ದದ್ದು ಓಟಿಸ್ ಮತ್ತು ಲ್ಯಾಂಗ್ಲಿ ನೆಲೆಗಳ ನಾಲ್ಕೇ ಯುದ್ಧವಿಮಾನಗಳು. ಅವೂ ಗಡಿಯಾಚೆಯಿಂದ ಬರುವ ಶತ್ರುವಿಗಾಗಿ ಕಾದಿದ್ದವು. ವಿಮಾನದ ಗುರುತನ್ನೂ ಎತ್ತರವನ್ನೂ ರಾಡಾರ್‌ಗೆ ತಿಳಿಸುವ ಉಪಕರಣವಾದ ಟ್ರಾನ್ಸ್‌ಪಾಂಡರ್ ಅನ್ನು ಅಪಹರಣಕಾರರು ಆರಿಸಿದರೆ ಆ ವಿವರಗಳು ಪರದೆಯಿಂದ ಅಳಿಸಿಹೋಗಿ, ಸಾವಿರಾರು ವಿಮಾನಗಳ ನಡುವೆ ಹೆಸರಿಲ್ಲದ ಒಂದು ಚುಕ್ಕೆ ಮಾತ್ರ ಉಳಿಯುತ್ತದೆ. ಅಪಹೃತವಾದ ಮೊದಲ ವಿಮಾನ ಅಮೆರಿಕನ್ 11ರ ಟ್ರಾನ್ಸ್‌ಪಾಂಡರ್ 8:21ಕ್ಕೆ ನಿಂತಿತು. ಬಾಸ್ಟನ್ ನಿಯಂತ್ರಣ ಕೇಂದ್ರವು ನಿಯಮದ ಮೆಟ್ಟಿಲುಗಳನ್ನು ಬದಿಗಿಟ್ಟು 8:38ರ ಸುಮಾರಿಗೆ ನೇರವಾಗಿ ಸೇನೆಗೆ ಕರೆ ಮಾಡಿತು. ವರ್ಲ್ಡ್ ಟ್ರೇಡ್ ಸೆಂಟರ್‌ನ ಗೋಪುರಕ್ಕೆ ಆ ವಿಮಾನ ಬಡಿದದ್ದು 8:46ಕ್ಕೆ, ಓಟಿಸ್‌ನ ಎಫ್-15ಗಳು ನೆಲ ಬಿಟ್ಟದ್ದು 8:53ಕ್ಕೆ. ನಾಲ್ಕು ವಿಮಾನಗಳ ಪೈಕಿ ಸೇನೆಗೆ ಅತಿ ಹೆಚ್ಚು ಕಾಲಾವಕಾಶ ಸಿಕ್ಕಿದ್ದು ಇದರಲ್ಲಿಯೇ ಎಂಬುದನ್ನು ಗಮನಿಸಬೇಕು. ಯುನೈಟೆಡ್ 175ರ ಸುದ್ದಿ ಅದು ಅಪ್ಪಳಿಸುವ ಹೊತ್ತಿಗೆ ತಲುಪಿತು. ಅಮೆರಿಕನ್ 77 ಕಾಣೆಯಾಗಿದೆ ಎಂಬ ಮಾತು, ಪೆಂಟಗನ್‌ಗೆ ಅದು ಬಡಿಯಲು ಮೂರು-ನಾಲ್ಕು ನಿಮಿಷ ಉಳಿದಿರುವಾಗ ಸಿಕ್ಕಿತು. ಯುನೈಟೆಡ್ 93 ಬಿದ್ದ ಮೇಲೆ ಅದು ಅಪಹರಣವಾದ ಸುದ್ದಿ ಬಂತು.

ಲ್ಯಾಂಗ್ಲಿಯ ಎಫ್-16ಗಳಿಗೆ 9:24ಕ್ಕೆ ಹಾರಲು ಆದೇಶ ಬಂದದ್ದು, ಆಗಲೇ ನಾಶವಾಗಿದ್ದ ಅಮೆರಿಕನ್ 11 ಇನ್ನೂ ವಾಷಿಂಗ್ಟನ್‌ನತ್ತ ಹಾರುತ್ತಿದೆ ಎಂಬ ತಪ್ಪು ಸುದ್ದಿಯಿಂದ. ಸಾಲದ್ದಕ್ಕೆ ಅವು ಉತ್ತರಕ್ಕೆ ಹೋಗುವ ಬದಲು ಪೂರ್ವಕ್ಕೆ, ಸಮುದ್ರದ ಮೇಲೆ ಹೋದವು. ಹೊಡೆದುರುಳಿಸುವ ಅನುಮತಿಯು ವಾಯುರಕ್ಷಣಾ ಕಮಾಂಡ್ ಆದ ನೋರಾಡ್‌ನ ರೋಮ್ ಕೇಂದ್ರಕ್ಕೆ ತಲುಪಿದ್ದು 10:31ಕ್ಕೆ, ಅಂದರೆ ನಾಲ್ಕನೆಯ ವಿಮಾನವೂ ಬಿದ್ದ ಮೇಲೆ.

ಇಷ್ಟರವರೆಗಿನದನ್ನು ನಾನು ಪಿತೂರಿ ಎನ್ನಲಾರೆ. ಗೊಂದಲ ಹೇಗಿರುತ್ತದೆಂದು ರಾಡಾರ್ ಪರದೆಯ ಮುಂದೆ ಕುಳಿತವರಿಗೆ ಗೊತ್ತು. ನನ್ನ ಆಕ್ಷೇಪವಿರುವುದು ಆಮೇಲೆ ಸೇನೆ ಕೊಟ್ಟ ವಿವರಣೆಯ ಬಗ್ಗೆ. ಯುನೈಟೆಡ್ 93ರ ಅಪಹರಣದ ಸೂಚನೆ 9:16ಕ್ಕೇ ಬಂದಿತ್ತೆಂದು ನೋರಾಡ್ ಅಧಿಕಾರಿಗಳು 2003ರ ಮೇ ತಿಂಗಳಲ್ಲಿ ತನಿಖಾ ಆಯೋಗದ ಮುಂದೆ ಹೇಳಿದರು. ಆ ವಿಮಾನ ಅಪಹರಣವಾದದ್ದೇ 9:28ಕ್ಕೆ! ಲ್ಯಾಂಗ್ಲಿಯ ವಿಮಾನಗಳು ಹಾರಿದ್ದು ಅಮೆರಿಕನ್ 77 ಮತ್ತು ಯುನೈಟೆಡ್ 93ಕ್ಕಾಗಿ ಎಂದೂ ತಿಳಿಸಿದರು. ಇಲ್ಲದ ವಿಮಾನವನ್ನು ಬೆನ್ನಟ್ಟಿದ ಸಂಗತಿ ಆ ಹೇಳಿಕೆಯಲ್ಲಿ ಇರಲೇ ಇಲ್ಲ. ಆಯೋಗವು ಕಾನೂನಿನ ಬಲದಿಂದ ರೋಮ್ ಕೇಂದ್ರದ ಧ್ವನಿಮುದ್ರಿಕೆಗಳನ್ನು ತರಿಸಿಕೊಂಡು ಕೇಳಿದ ಮೇಲೆಯೇ ಈ ಲೆಕ್ಕ ಬಿದ್ದುಹೋಯಿತು. ಒಂದೂಮುಕ್ಕಾಲು ವರ್ಷ ಅದೇ ಧ್ವನಿಮುದ್ರಿಕೆಗಳನ್ನು ಕೈಯಲ್ಲಿಟ್ಟುಕೊಂಡಿದ್ದ ಸಂಸ್ಥೆ, ಸಾಕ್ಷ್ಯ ನುಡಿಯುವ ಮುನ್ನ ಅವನ್ನು ಏಕೆ ಕೇಳಿ ನೋಡಲಿಲ್ಲ?