ರೋಗನಿರೋಧಕ ಶಕ್ತಿಗೆ ಕಡಿವಾಣ ಹಾಕುವ ಜೀನ್ ನಮ್ಮೊಳಗೇಕಿದೆ?

ಪ್ರಶ್ನೆ: ರೋಗನಿರೋಧಕ ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದು ಎನ್ನುತ್ತಾರೆ. ಹಾಗಿದ್ದರೆ ಅದನ್ನು ತಗ್ಗಿಸುವ ಜೀನ್ ದೇಹದಲ್ಲಿ ಯಾಕಿದೆ? ಅದಿಲ್ಲದಿದ್ದರೆ ನಾವು ಇನ್ನಷ್ಟು ಗಟ್ಟಿಯಾಗಿರುತ್ತಿದ್ದೆವಲ್ಲವೇ?

ಉತ್ತರ: ಇಲ್ಲ, ಬದುಕುವುದೇ ಕಷ್ಟವಾಗುತ್ತಿತ್ತು. ಸಿಟಿಎಲ್‌ಎ-4 ಎಂಬ ಈ ಕಡಿವಾಣದ ಜೀನ್ ಇಲ್ಲದ ಇಲಿಗಳ ಬಗ್ಗೆ 1995ರಲ್ಲಿ ವರದಿಗಳು ಬಂದವು. ಹುಟ್ಟಿದ ಮೂರ್ನಾಲ್ಕು ವಾರಗಳಲ್ಲೇ ಅವು ಸತ್ತಿದ್ದವು. ಕೊಂದದ್ದು ಸೋಂಕಲ್ಲ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳು, ಅಂದರೆ ಅವುಗಳದೇ ಟಿ ಕೋಶಗಳು, ಲಂಗುಲಗಾಮಿಲ್ಲದೆ ಹೆಚ್ಚಿ ಹೃದಯಕ್ಕೂ ಮೇದೋಜ್ಜೀರಕ ಗ್ರಂಥಿಗೂ ನುಗ್ಗಿದ್ದವು.

ಟಿ ಕೋಶ ಕೆಲಸಕ್ಕಿಳಿಯಲು ಎರಡು ಸಂಕೇತಗಳು ಬೇಕು. ಒಂದು, ವೈರಿಯ ತುಣುಕಿನ ಗುರುತು. ಇನ್ನೊಂದು, ಆ ತುಣುಕನ್ನು ತೋರಿಸುವ ಕೋಶದ ಮೇಲಿರುವ ಸಿಡಿ80, ಸಿಡಿ86 ಪ್ರೋಟೀನುಗಳು ಟಿ ಕೋಶದ ಸಿಡಿ28ಕ್ಕೆ ಅಂಟಿದಾಗ ಸಿಗುವ ಒಪ್ಪಿಗೆ. ಸಿಟಿಎಲ್‌ಎ-4 ಜೀನ್ ತಯಾರಿಸುವ ಪ್ರೋಟೀನ್ ಅಡ್ಡ ಬರುವುದು ಈ ಎರಡನೆಯದಕ್ಕೆ. ಅದು ಸಿಡಿ80, ಸಿಡಿ86ಗಳನ್ನು ಸಿಡಿ28ಕ್ಕಿಂತ ಬಿಗಿಯಾಗಿ ಹಿಡಿದು, ಎದುರಿನ ಕೋಶದಿಂದಲೇ ಕಿತ್ತು, ಒಳಗೆಳೆದುಕೊಂಡು ನಾಶ ಮಾಡುತ್ತದೆ. ನನಗೆ ಇದರಲ್ಲಿ ತುಂಬ ಸೋಜಿಗವೆನಿಸುವುದು ಅದು ಬರುವ ಹೊತ್ತು: ಸಾಮಾನ್ಯ ಟಿ ಕೋಶಗಳಲ್ಲಿ ಹೋರಾಟ ಶುರುವಾದ ಮೇಲೆಯೇ ಅದು ಹೊರಮೈಗೆ ಬರುತ್ತದೆ. ಉಳಿದ ಕೋಶಗಳನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ ಕೋಶಗಳಲ್ಲಿ ಮಾತ್ರ ಸದಾ ಸಿದ್ಧವಾಗಿರುತ್ತದೆ.

ಮನುಷ್ಯರಲ್ಲಿ ಈ ಜೀನಿನ ಎರಡು ಪ್ರತಿಗಳಿರುತ್ತವೆ. ಒಂದು ಕೆಟ್ಟರೂ ಸಾಕು, ಕಾಯಿಲೆ ಬರಬಹುದೆಂದು 2014ರಲ್ಲಿ ತಿಳಿಯಿತು. ಕರುಳು, ಶ್ವಾಸಕೋಶ, ಕೆಲವೊಮ್ಮೆ ಮಿದುಳಿಗೂ ಟಿ ಕೋಶಗಳು ನುಗ್ಗುತ್ತವೆ, ರಕ್ತಕಣಗಳು ನಾಶವಾಗುತ್ತವೆ. ಇಷ್ಟು ಚುರುಕಾದ ರಕ್ಷಣೆಯಿದ್ದೂ ಹಲವರಿಗೆ ಪದೇ ಪದೇ ಸೋಂಕು ತಗಲುತ್ತದೆ, ಏಕೆಂದರೆ ಪ್ರತಿಕಾಯಗಳು ಕಡಿಮೆಯಾಗಿರುತ್ತವೆ. ಕಡಿವಾಣ ತಪ್ಪಿದರೆ ಶಕ್ತಿಯೂ ಉಳಿಯುವುದಿಲ್ಲ ಎನ್ನಲು ಇದಕ್ಕಿಂತ ಪುರಾವೆ ಬೇಕೆ? ಹಾಗೆಂದು ಕೆಟ್ಟ ಪ್ರತಿ ಇರುವ ಎಲ್ಲರೂ ಕಾಯಿಲೆ ಬೀಳುವುದಿಲ್ಲ. ಬಿದ್ದವರಿಗೆ ಅಬಾಟಸೆಪ್ಟ್ ಎಂಬ ಔಷಧ ನೆರವಾಗಬಲ್ಲದು. ಅದನ್ನು ಸಿಟಿಎಲ್‌ಎ-4ರ ಹೊರಭಾಗದಿಂದಲೇ ತಯಾರಿಸಿದ್ದಾರೆ.

ಕ್ಯಾನ್ಸರಿನಲ್ಲಿ ಲೆಕ್ಕಾಚಾರ ಬೇರೆ. ಅಲ್ಲಿ ಟಿ ಕೋಶಗಳು ಗೆಡ್ಡೆಯ ಮೇಲೆ ಎರಗಲೆಂದು ವೈದ್ಯರು ಬೇಕೆಂದೇ ಈ ಕಡಿವಾಣ ಸಡಿಲಿಸುತ್ತಾರೆ. ಅಮೆರಿಕದ ವಿಜ್ಞಾನಿ ಜೇಮ್ಸ್ ಆ್ಯಲಿಸನ್ ಅವರ ಸಂಶೋಧನೆಯಿಂದ ಬಂದ, ಈ ಕಡಿವಾಣ ಸಡಿಲಿಸುವ ಔಷಧ ಇಪಿಲಿಮುಮ್ಯಾಬ್‌ಗೆ 2011ರಲ್ಲಿ ಅಮೆರಿಕದಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಅನುಮತಿ ಸಿಕ್ಕಿತು. 2018ರ ನೊಬೆಲ್‌ ಅನ್ನು ಅವರು ಜಪಾನಿನ ವಿಜ್ಞಾನಿ ತಸುಕು ಹೊಂಜೊ ಜೊತೆ ಹಂಚಿಕೊಂಡರು. ಈ ಚಿಕಿತ್ಸೆಯಲ್ಲಿ ಟಿ ಕೋಶಗಳು ಗೆಡ್ಡೆಯ ಜೊತೆಗೆ ಕರುಳು, ಚರ್ಮ, ಹಾರ್ಮೋನ್ ಗ್ರಂಥಿಗಳ ಮೇಲೂ ತಿರುಗಿ ಬೀಳಬಹುದು. ಆದ್ದರಿಂದ ಚಿಕಿತ್ಸೆ ಪಡೆಯುತ್ತಿರುವವರು ಭೇದಿ ಶುರುವಾದರೆ ಮಾಮೂಲಿ ಹೊಟ್ಟೆಕೆಡುಕೆಂದು ಕಾಯದೆ, ಅದೇ ದಿನ ತಮ್ಮ ಕ್ಯಾನ್ಸರ್ ವೈದ್ಯರಿಗೆ ತಿಳಿಸಬೇಕು.