ಮೋಟಾರು ‘ಆಫ್’ ಆದಾಗ ಇಂಗ್ಲಿಷಿನ ಕ್ರಿಯಾಪದ ಎಲ್ಲಿ ಹೋಯಿತು?

ಕೆಲವು ವರ್ಷಗಳ ಹಿಂದೆ ಗಂಗಾವತಿಯಲ್ಲಿ ಪದವಿ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ‘ದಿ ಫಾರ್ಮರ್ ಗೇವ್ ಅಪ್ ಹಿಸ್ ಲ್ಯಾಂಡ್’ ಎಂಬ ವಾಕ್ಯವನ್ನು ಒಬ್ಬ ವಿದ್ಯಾರ್ಥಿ ‘ರೈತನು ತನ್ನ ಹೊಲವನ್ನು ಮೇಲೆ ಕೊಟ್ಟನು’ ಎಂದು ಕನ್ನಡಿಸಿದ್ದ. ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಬಿಟ್ಟುಕೊಟ್ಟನು’ ಎಂದು ಬರೆದ ಮೇಲೆ ಪೆನ್ನು ಅಲ್ಲಿಯೇ ನಿಂತಿತು. ಹುಡುಗನ ‘ಕೊಟ್ಟನು’ ನನ್ನ ಉತ್ತರದಲ್ಲಿಯೂ ಇತ್ತು. ಅವನು ಎಡವಿದ್ದು ‘ಅಪ್’ ಎಂಬ ಪುಟ್ಟ ಪದದಲ್ಲಿ ಮಾತ್ರ. ಅದನ್ನು ಅವನು ದಿಕ್ಕೆಂದು ತಿಳಿದ, ನಾನು ‘ಬಿಟ್ಟು’ ಎಂಬ ಕ್ರಿಯೆಯೆಂದು ಅನುವಾದಿಸಿದ್ದೆ.

ತಿಂಗಳೊಳಗೆ ಇಂಗ್ಲಿಷ್ ಕಲಿಸುವುದಾಗಿ ಹೇಳಿಕೊಂಡು ಬಸ್ ನಿಲ್ದಾಣದ ಅಂಗಡಿಗಳಲ್ಲಿ ನೇತಾಡುವ ಕೈಪಿಡಿಗಳು ಇಂಥ ಜೋಡಿಪದಗಳನ್ನು, ಅಂದರೆ ಫ್ರೇಸಲ್ ವರ್ಬ್‌ಗಳನ್ನು, ಪುಟಗಟ್ಟಲೆ ಪಟ್ಟಿ ಮಾಡಿ ಮಗ್ಗಿಯಂತೆ ಬಾಯಿಪಾಠ ಮಾಡಿರೆಂದು ಉಪದೇಶಿಸುತ್ತವೆ. ಇಂಗ್ಲಿಷಿಗೆ ತಲೆಬುಡವಿಲ್ಲ, ಇದ್ದುದನ್ನು ಉರು ಹೊಡೆಯಬೇಕು ಎಂಬ ನಂಬಿಕೆ ನಮ್ಮ ಮೇಷ್ಟ್ರುಗಳಲ್ಲಿಯೂ ಗಟ್ಟಿಯಾಗಿ ಬೇರೂರಿದೆ. ಈ ನಂಬಿಕೆಯನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ. ಇದಕ್ಕೆ ಉತ್ತರ ನಮ್ಮ ಹೊಲಗಳಲ್ಲಿಯೇ ದಿನವೂ ಕೇಳಿಬರುತ್ತದೆ.

‘ಮಡಿ ತುಂಬೈತಿ, ಮೋಟ್ರು ಆಫ್ ಮಾಡೋ ತಮ್ಮ’ ಎಂದು ಬದುವಿನ ಮೇಲೆ ನಿಂತವರು ಕೂಗುತ್ತಾರೆ. ಇಂಗ್ಲಿಷಿನವರ ಪ್ರಯೋಗ ‘ಸ್ವಿಚ್ ಆಫ್’ ಅಥವಾ ‘ಟರ್ನ್ ಆಫ್’. ಅದರಲ್ಲಿ ‘ಸ್ವಿಚ್’, ‘ಟರ್ನ್’ ಎಂಬ ಕ್ರಿಯಾಪದಗಳನ್ನು ನಮ್ಮ ಜನ ಶೇಂಗಾ ಸಿಪ್ಪೆಯಂತೆ ಸುಲಿದು ಎಸೆದು, ‘ಆಫ್’ ಎಂಬ ಕಾಳನ್ನು ಮಾತ್ರ ಇಟ್ಟುಕೊಂಡರು. ಕ್ರಿಯಾಪದದ ಜಾಗಕ್ಕೆ ತಮ್ಮದೇ ‘ಮಾಡು’ವನ್ನು ತಂದು ಕೂರಿಸಿದರು. ಇದೇ ಹೊಲದಲ್ಲಿ ಹಿರಿಯರು ‘ಬಂದ್ ಮಾಡು’, ‘ಚಾಲೂ ಮಾಡು’ ಎನ್ನುತ್ತಾರೆ. ನಿಜಾಮರ ಆಳ್ವಿಕೆಯ ಕಾಲದಿಂದ ಬಳಕೆಯಲ್ಲಿರುವ ಉರ್ದು ಪದಗಳು ಕುಳಿತಿದ್ದ ಪೀಠದಲ್ಲಿಯೇ ‘ಆಫ್’, ‘ಆನ್’ ಬಂದು ಕುಳಿತಿವೆ. ವ್ಯಾಕರಣ ಓದದವರ ಕಿವಿಯೂ ಅರ್ಥದ ಭಾರ ಎಲ್ಲಿದೆಯೆಂಬುದನ್ನು ಸರಿಯಾಗಿ ಗುರುತಿಸಿದೆ.

ಎತ್ತಿನ ಬಂಡಿಯನ್ನು ನೆನಪಿಸಿಕೊಳ್ಳಿ. ಎಳೆಯುವ ಬಲ ಎತ್ತಿನದು, ಆದರೆ ಬಂಡಿ ಯಾವ ಕಡೆಗೆ ಹೊರಳಬೇಕೆಂಬುದು ಹಗ್ಗದ ಕೈಯಲ್ಲಿರುತ್ತದೆ. ಬಂಡಿ ಹಳತೆನಿಸಿದರೆ ಗುಂತಕಲ್ ಜಂಕ್ಷನ್ನನ್ನು ನೋಡಿ: ಎಂಜಿನ್ ಒಂದೇ ಇದ್ದರೂ ಹಳಿಯ ಕವಲಿನಲ್ಲಿ ಗೇಣಷ್ಟು ಕಬ್ಬಿಣ ಆ ಕಡೆ ಈ ಕಡೆ ಸರಿದರೆ ಒಂದು ಗಾಡಿ ಬಳ್ಳಾರಿಗೆ, ಇನ್ನೊಂದು ರಾಯಚೂರಿಗೆ ಹೋಗುತ್ತದೆ. ‘ಗಿವ್’, ‘ಟೇಕ್’, ‘ಗೆಟ್’, ‘ಪುಟ್’ ಎಂಬ ಸವೆದ ಕ್ರಿಯಾಪದಗಳು ಆ ಎಂಜಿನ್. ‘ಅಪ್’, ‘ಆಫ್’, ‘ಔಟ್’, ‘ಇನ್’ ಎಂಬವು ಆ ಕವಲಿನ ಕಬ್ಬಿಣ.

ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ 1980ರ ದಶಕದಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಿದರು. ಒಂದು ಚಲನೆಯನ್ನು ವರ್ಣಿಸುವಾಗ ಅದು ಹೇಗೆ ನಡೆಯಿತು, ಎತ್ತ ನಡೆಯಿತು ಎಂಬ ಎರಡು ಸಂಗತಿಗಳಿರುತ್ತವೆ. ಯಾವುದನ್ನು ಮುಖ್ಯ ಕ್ರಿಯಾಪದದಲ್ಲಿ ಇಡಬೇಕೆಂಬುದರಲ್ಲಿ ಭಾಷೆಗಳು ಬೇರೆಯಾಗುತ್ತವೆ. ಆನೆಗೊಂದಿಯ ದಡದಿಂದ ಹೊರಟ ಹರಿಗೋಲನ್ನು ನೋಡಿ ನಾವು ‘ಹರಿಗೋಲು ತಿರುಗುತ್ತಾ ಹೊಳೆ ದಾಟಿತು’ ಎನ್ನುತ್ತೇವೆ. ಇಲ್ಲಿ ದಾರಿಯನ್ನು ಹೇಳುವ ‘ದಾಟಿತು’ ವಾಕ್ಯದ ಯಜಮಾನ, ರೀತಿಯನ್ನು ಹೇಳುವ ‘ತಿರುಗುತ್ತಾ’ ಅದರ ಹಿಂಬಾಲಕ. ಇಂಗ್ಲಿಷಿನವನು ಇದನ್ನೇ ‘ಸ್ಪನ್ ಅಕ್ರಾಸ್’ ಎಂದು ಹೇಳಿ, ತಿರುಗುವುದನ್ನು ಯಜಮಾನನಾಗಿಸಿ, ದಾಟುವ ಕೆಲಸವನ್ನೆಲ್ಲ ‘ಅಕ್ರಾಸ್’ ಎಂಬ ಸಣ್ಣ ಪದದ ಹೆಗಲಿಗೆ ಹೊರಿಸುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿ ಹೋಯಿತು. ಇಂಗ್ಲಿಷಿನಲ್ಲಿ ಅದು ‘ವಾಷ್ಡ್ ಅವೇ’. ನಮ್ಮ ‘ಹೋಯಿತು’ ಮಾಡುವ ಕೆಲಸವನ್ನು ಅಲ್ಲಿ ‘ಅವೇ’ ಮಾಡುತ್ತದೆ. ನಮ್ಮಲ್ಲಿ ಎರಡನೆಯ ಕ್ರಿಯಾಪದ ಇರುವ ಕಡೆ ಅವರಲ್ಲಿ ಒಂದು ಕಿರುಪದವಿದೆ.

ಈ ಹೋಲಿಕೆ ಚಲನೆಗೆ ಮಾತ್ರ ಸೀಮಿತವಲ್ಲ. ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಯೂಸ್ ಅಪ್’ ಎನ್ನುವಾಗ ಯಾವುದೂ ಮೇಲಕ್ಕೆ ಹೋಗುವುದಿಲ್ಲ. ‘ಅಪ್’ ಅಲ್ಲಿ ಕೆಲಸ ಪೂರ್ತಿಯಾಯಿತೆಂದು ಮುದ್ರೆ ಒತ್ತುತ್ತದೆ. ತುಂಬುವ ಕೊಡದಲ್ಲಿ ನೀರು ಮೇಲೇರಿ ಕಂಠ ಮುಟ್ಟಿದರೆ ಕೊಡ ಪೂರ್ತಿಯಾದಂತೆ, ಆದ್ದರಿಂದ ‘ಮೇಲೆ’ ಎಂಬ ಅರ್ಥ ‘ಪೂರ್ತಿ’ ಎಂಬುದಕ್ಕೆ ಸರಿದಿರುವುದು ಸಹಜವೇ. ಕನ್ನಡದ ‘ಬಿಡು’ ಇದಕ್ಕಿಂತ ವಿಚಿತ್ರ. ‘ಹಾಲು ಕುಡಿದುಬಿಡು’ ಎಂದು ತಾಯಿ ಹೇಳಿದರೆ ಮಗು ಹಾಲನ್ನು ಬಿಡುವ ಹಾಗಿಲ್ಲ; ಒಂದು ಗುಟುಕನ್ನೂ ಬಿಡದೆ ಕುಡಿಯಬೇಕು! ತನ್ನ ಮೂಲ ಅರ್ಥವನ್ನು ಕಳಚಿಟ್ಟು ಇನ್ನೊಂದು ಕ್ರಿಯೆಗೆ ಮುಕ್ತಾಯದ ಬಣ್ಣ ಬಳಿಯುವ ಈ ವಿದ್ಯೆ ‘ಬಿಡು’ವಿಗೆ ಎಷ್ಟು ಒಲಿದಿದೆಯೋ ‘ಅಪ್’ಗೂ ಅಷ್ಟೇ ಒಲಿದಿದೆ.

ಇಂಗ್ಲಿಷ್ ಯಾವಾಗಲೂ ಹೀಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ದಿಕ್ಕಿನ ಪದ ಎಷ್ಟೋ ವೇಳೆ ಕ್ರಿಯಾಪದಕ್ಕಿಂತ ಮೊದಲೇ ಬಂದು ಅದಕ್ಕೆ ಅಂಟಿಕೊಳ್ಳುತ್ತಿತ್ತು, ನಮ್ಮ ‘ಮುಂದೂಡು’, ‘ಹೊರಹಾಕು’, ‘ಒಳಗೊಳ್ಳು’ಗಳಂತೆ. ‘ಓವರ್‌ಕಮ್’, ‘ವಿತ್‌ಸ್ಟ್ಯಾಂಡ್’ ಆ ಕಾಲದಿಂದ ಉಳಿದ ಪಳೆಯುಳಿಕೆಗಳು. ಆಗ ‘ವಿತ್’ ಎಂದರೆ ‘ಜೊತೆಗೆ’ ಅಲ್ಲ, ‘ಎದುರಿಗೆ’. ಹಾಗಾಗಿ ‘ವಿತ್‌ಸ್ಟ್ಯಾಂಡ್’ ಅಕ್ಷರಶಃ ನಮ್ಮ ‘ಎದುರುನಿಲ್ಲು’. ಸುಮಾರು 850ರಲ್ಲಿ ಕವಿರಾಜಮಾರ್ಗವು ಕೊಪಣ ನಗರವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಕನ್ನಡದ ತಿರುಳಿನ ಸೀಮೆಯ ಗುರುತಾಗಿ ಹೆಸರಿಸಿದ ಕೆಲವೇ ವರ್ಷಗಳಲ್ಲಿ, 865ರಲ್ಲಿ, ಡೇನರ ದೊಡ್ಡ ಸೈನ್ಯ ಇಂಗ್ಲೆಂಡಿನ ಪೂರ್ವ ತೀರಕ್ಕೆ ಬಂದಿಳಿಯಿತು. ಅವರು ನೆಲೆಸಿದ ಕಡೆಗಳಲ್ಲಿ ಎರಡು ನುಡಿಗಳು ಬೆರೆತವು. ‘ಟೇಕ್’, ‘ಗೆಟ್’ ಎಂಬ ಪದಗಳೇ ಡೇನರಾಡುತ್ತಿದ್ದ ನಾರ್ಸ್ ನುಡಿಯಿಂದ ಬಂದವು. ಕಿರುಪದವನ್ನು ಕ್ರಿಯಾಪದದ ನಂತರ ಇಡುವ ರೂಢಿ ಬಲಗೊಳ್ಳುವುದಕ್ಕೂ ಈ ಸಂಪರ್ಕ ನೆರವಾಯಿತೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

1066ರ ನಂತರ, ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಫ್ರೆಂಚ್ ಅಲ್ಲಿನ ಕಚೇರಿಯ ನುಡಿಯಾಯಿತು. ನಿಜಾಮರ ಕಾಲದ ರಾಯಚೂರಿನಲ್ಲಿ ಕಚೇರಿ ಉರ್ದುವಿನಲ್ಲಿ, ಹೊಲ ಕನ್ನಡದಲ್ಲಿ ನಡೆದುದನ್ನು ಬಲ್ಲವರಿಗೆ ಈ ಚಿತ್ರ ಹೊಸದೇನಲ್ಲ. ಫ್ರೆಂಚ್, ಲ್ಯಾಟಿನ್ ಮೂಲದ ‘ಎಕ್ಸ್‌ಟಿಂಗ್ವಿಷ್’, ‘ಟಾಲರೇಟ್’, ‘ಪೋಸ್ಟ್‌ಪೋನ್’ ಬರಹಕ್ಕೆ ಸೇರಿದವು. ಕ್ರಮವಾಗಿ ಅವೇ ಅರ್ಥಗಳ ‘ಪುಟ್ ಔಟ್’, ‘ಪುಟ್ ಅಪ್ ವಿತ್’, ‘ಪುಟ್ ಆಫ್’ ಒಲೆಯ ಮುಂದೆ ಉಳಿದವು. ಪುಸ್ತಕದಿಂದ ಇಂಗ್ಲಿಷ್ ಕಲಿತ ನಮ್ಮ ಮಕ್ಕಳು ಮೊದಲಿನವನ್ನು ಸಲೀಸಾಗಿ ಬರೆದು ಎರಡನೆಯವುಗಳ ಮುಂದೆ ತಬ್ಬಿಬ್ಬಾಗುತ್ತಾರೆ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಪರದೇಶದವರಿಗೆ ಅತ್ಯಂತ ಕಷ್ಟ ಕೊಡುವುದು ಕ್ರಿಯಾಪದದ ಬೆನ್ನಿಗೆ ಬರುವ ಈ ಕಿರುಪದಗಳೆಂದು ಒಪ್ಪಿಕೊಂಡಿದ್ದ. ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಲೇಖಕ ಲೋಗನ್ ಪಿಯರ್ಸಲ್ ಸ್ಮಿತ್ ಬಳಕೆಗೆ ತಂದುದು ಬಹಳ ತಡವಾಗಿ, 1925ರಲ್ಲಿ.

ಕ್ರಿಯಾಪದದ ಹಿಂದೆ ಬಂದದ್ದೆಲ್ಲವೂ ಒಂದೇ ಜಾತಿಯದಲ್ಲ ಎಂಬುದನ್ನೂ ಹೇಳಬೇಕು. ‘ಟರ್ನ್ ಇಟ್ ಆಫ್’ ಎನ್ನಬಹುದು, ‘ಟರ್ನ್ ಆಫ್ ಇಟ್’ ಎನ್ನುವಂತಿಲ್ಲ. ‘ಲುಕ್ ಆಫ್ಟರ್ ಇಟ್’ ಸರಿ, ‘ಲುಕ್ ಇಟ್ ಆಫ್ಟರ್’ ತಪ್ಪು. ಮೊದಲನೆಯದರಲ್ಲಿ ಕಿರುಪದ ಕ್ರಿಯೆಯ ಒಡನಾಡಿ, ಎರಡನೆಯದರಲ್ಲಿ ನಾಮಪದಕ್ಕೆ ಅಂಟಿದ ನಿಜವಾದ ಪ್ರಿಪೊಸಿಷನ್, ಸ್ಥೂಲವಾಗಿ ನಮ್ಮ ವಿಭಕ್ತಿಯ ಸೋದರ. ‘ಡಿಸ್ಕಸ್ ಅಬೌಟ್’ ಎಂಬ ನಮ್ಮ ತಪ್ಪು ಹುಟ್ಟುವುದು ಈ ಎರಡನೆಯ ಮನೆಯಲ್ಲಿ: ಕನ್ನಡದ ‘ಬಗ್ಗೆ’ ಅಲ್ಲಿ ಕರೆಯದೆ ಬಂದು ಕೂರುತ್ತದೆ.

ನನ್ನ ವಿವರಣೆಗೆ ಬಗ್ಗದ ಜೋಡಿಗಳೂ ಇವೆ. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳುವುದು ಏಕಾಯಿತೆಂದು ಅದರ ಮೂರು ಪದಗಳನ್ನು ಬಿಡಿಸಿ ನೋಡಿದರೆ ತಿಳಿಯುವುದಿಲ್ಲ. ಹಾಗೆಂದು ನಾವು ನಗುವಂತಿಲ್ಲ. ಮುಂಗಾರು ತಡವಾದ ವರ್ಷಗಳಲ್ಲಿ ‘ಮಳೆ ಕೈಕೊಟ್ಟಿತು’ ಎಂಬ ಶೀರ್ಷಿಕೆ ನಮ್ಮ ಪತ್ರಿಕೆಗಳಲ್ಲಿ ಬರುತ್ತದೆ; ಕನ್ನಡ ಕಲಿಯಲು ಬಂದ ಪರದೇಶದವನು ಅದನ್ನು ಓದಿದರೆ, ಬರದಲ್ಲಿ ರೈತನ ನೆರವಿಗೆ ಮಳೆ ಬಂದಿತೆಂದು ಸಂತೋಷಪಟ್ಟಾನು.